ಕೊನೆಗೆ ಒರೆಸಿದ ಬಟ್ಟೆ

ಅರಸೀಕೆರೆಯ ಜನಕ್ಕೆ ಕೊಬ್ಬರಿ ಎಣ್ಣೆಯ ವಾಸನೆ ಗೊತ್ತಾಗುವುದಿಲ್ಲ. ಹುಟ್ಟಿದ ಕೂಸಿನ ನೆತ್ತಿಗೆ ಅದೇ ಎಣ್ಣೆ, ಮದುವೆ ಗಂಡಿನ ಮೈಗೆ ಅದೇ ಎಣ್ಣೆ, ದೇವರ ದೀಪಕ್ಕೂ ಕಿರುಗುಟ್ಟುವ ಬಾಗಿಲಿಗೂ ಅದೇ ಎಣ್ಣೆ. ಒಣತಲೆಯಲ್ಲಿ ಬೀದಿಗೆ ಇಳಿದವನನ್ನು ಕಂಡರೆ "ಯಾಕ್ಲಾ, ಜ್ವರನಾ?" ಎಂದು ಕೇಳುವ ಊರು ಅದು. ಎಲ್ಲರ ಮೈಯಲ್ಲೂ ಇರುವ ವಾಸನೆಯನ್ನು ಯಾರು ತಾನೇ ಗಮನಿಸುತ್ತಾರೆ?

ಕರಿಬಸವಯ್ಯ ಮಾತ್ರ ಗಮನಿಸುತ್ತಿದ್ದ. ಅವನ ಅಪ್ಪನಿಗೆ ಕೊಬ್ಬರಿ ಮಂಡಿಯ ಹಿಂದೆ ಎಣ್ಣೆ ಗಾಣವಿತ್ತು. ಹತ್ತು ವರ್ಷದ ಹುಡುಗನಾಗಿದ್ದಾಗಲೇ ಚೀಲದ ಬಾಯಿಗೆ ಮೂಗಿಟ್ಟು, "ಇದ್ರಲ್ಲಿ ಬೂಷ್ಟು ಹಿಡ್ದಿರೋದು ಐತೆ ಕಣಪ್ಪಾ" ಎನ್ನುತ್ತಿದ್ದ. ಸುರಿದು ನೋಡಿದರೆ ಇರುತ್ತಿತ್ತು. ಮಂಡಿಯ ಸಾಹುಕಾರರು ತಮಾಷೆಗೆ ಅವನನ್ನು ಕರೆದು ಮೂಸಿಸುತ್ತಿದ್ದರು, ಬೆಲ್ಲದ ಅಚ್ಚು ಕೊಟ್ಟು ಕಳಿಸುತ್ತಿದ್ದರು. ಗಾಣ ನಿಂತಿತು, ಅಪ್ಪನೂ ಹೋದರು, ಮೂಗು ಮಾತ್ರ ಮಗನ ಪಾಲಿಗೆ ಉಳಿಯಿತು. ಅದನ್ನೇ ಬಂಡವಾಳ ಮಾಡಿಕೊಂಡು ಅವನು ಫೈಬರ್ ಕೆಲಸಕ್ಕೆ ಇಳಿದ.

ಹಾರನಹಳ್ಳಿ ರಸ್ತೆಯಲ್ಲಿ ಅವನ ಶೆಡ್ಡು. ನೀರಿನ ತೊಟ್ಟಿ, ಬಚ್ಚಲ ಬಾಗಿಲು, ಮಕ್ಕಳ ಜಾರುಬಂಡೆ, ಆಗೊಮ್ಮೆ ಈಗೊಮ್ಮೆ ದೋಣಿ. ಮೂವತ್ತು ವರ್ಷ ಈ ಕೆಲಸ ಮಾಡಿದವನಿಗೆ ಒಂದೇ ಒಂದು ಜಂಬ ಇತ್ತು. ತಾನು ಹಾಕಿದ ಪದರ ಏಳುವುದಿಲ್ಲ ಎಂಬುದು ಆ ಜಂಬ. ಹೊಸದನ್ನು ಮಾಡುವುದು ಯಾರಿಗಾದರೂ ಬರುತ್ತದೆ, ರೆಸಿನ್ ಎಂಬ ಫೈಬರ್ ಅಂಟು ಒಣಗಿ ಕಲ್ಲಾದ ಕಡೆ ಅದರ ಮೇಲೆ ಹೊಸ ರೆಸಿನ್ ಕೂರಿಸುವುದಿದೆಯಲ್ಲ, ಅದು ಎಲ್ಲರ ಕೈಗೆ ಬಗ್ಗುವುದಲ್ಲ ಎಂದು ಅವನು ಹೇಳುತ್ತಿದ್ದ. ಬೆರೆಸಿದ ರೆಸಿನ್ನಿನ ಬಟ್ಟಲನ್ನು ಮೂಗಿನ ಬಳಿ ಹಿಡಿದು ಇನ್ನೆಷ್ಟು ಹೊತ್ತಿಗೆ ಗಟ್ಟಿಯಾಗುತ್ತದೆಂದು ಹೇಳಬಲ್ಲವನಾಗಿದ್ದ. ಒರೆಸುವ ಬಟ್ಟೆಯನ್ನಂತೂ ಮೂಸಿ ನೋಡದೆ ಮುಟ್ಟುತ್ತಿರಲಿಲ್ಲ. ಎಣ್ಣೆ ತಗುಲಿದ ಕಡೆ ರೆಸಿನ್ ಹಿಡಿಯುವುದಿಲ್ಲವೆಂದು, ಎಣ್ಣೆಯ ಸೋಂಕು ಒಂದಿಷ್ಟಿದ್ದರೂ ಎತ್ತಿ ಬೀದಿಗೆ ಎಸೆಯುತ್ತಿದ್ದ. ಮನೆಯಿಂದ ಬಂದ ಹತ್ತು ಹಳೇ ಬಟ್ಟೆಯಲ್ಲಿ ಎಂಟು ಹೀಗೇ ಬೀದಿಪಾಲಾಗುತ್ತಿದ್ದವು.

ಆಮೇಲೆ ಆ ಜ್ವರ ಬಂತು. ಊರಿಗೆ ಊರೇ ಬಾಯಿಗೆ ಬಟ್ಟೆ ಕಟ್ಟಿಕೊಂಡು ತಿರುಗಿದ ಕಾಲದಲ್ಲಿ, ಎರಡನೇ ವರ್ಷ, ಕರಿಬಸವಯ್ಯ ಹನ್ನೆರಡು ದಿನ ಮಲಗಿ ಎದ್ದ. ಎದ್ದಾಗ ವಿಭೂತಿ ವಾಸನೆ ಇಲ್ಲ, ಕಾಫಿ ವಾಸನೆ ಇಲ್ಲ. ಎಲ್ಲರಿಗೂ ಹಾಗೇ ಆಗಿದೆ, ಬರುತ್ತದೆ ಎಂದರು. ಬೀದಿಯವರಿಗೆಲ್ಲ ಬಂತು, ಅವನಿಗೆ ಬರಲಿಲ್ಲ. ಆರು ತಿಂಗಳು ಕಾದ, ವರ್ಷ ಕಾದ. ಆಮೇಲೆ ಕಾಯುವುದನ್ನು ಬಿಟ್ಟು ಬಚ್ಚಿಡುವುದನ್ನು ಕಲಿತ. ಮೂಗಿಲ್ಲದ ಕರಿಬಸವಯ್ಯನಿಗೆ ಕೆಲಸ ಕೊಡುವವರು ಯಾರು? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಮಾತು ಅವನಿಗೆ ಗೊತ್ತಿತ್ತು. ಹೆಂಡತಿ ಸುಮಿತ್ರಮ್ಮನಿಗೂ ಹೇಳಲಿಲ್ಲ. ಅವಳು ಸಾರಿಗೆ ಒಗ್ಗರಣೆ ಹಾಕಿದ ಚುಯ್ ಸದ್ದು ಕೇಳಿದೊಡನೆ "ಘಮ್ ಅಂತೈತೆ ಕಣೇ" ಎಂದುಬಿಡುತ್ತಿದ್ದ. ಶೆಡ್ಡಿನಲ್ಲಿ ಗಡಿಯಾರ ನೋಡಿ, ಅಳತೆ ಸಿರಿಂಜು ಹಿಡಿದು ಕೆಲಸ ಮಾಡಿದ. ಜ್ವರದಿಂದ ಈಚೆಗೆ ಒಟ್ಟು ನಾಲ್ಕು ವರ್ಷ ಹಾಗೇ ನಡೆಯಿತು, ಯಾರೂ ಏನೂ ಅನ್ನಲಿಲ್ಲ. ಬಟ್ಟೆಯನ್ನು ಮೂಗಿಗೆ ಹಿಡಿಯುವ ಅಭ್ಯಾಸ ಮಾತ್ರ ಕೈಗೆ ಉಳಿದಿತ್ತು. ಕೈ ಎತ್ತುತ್ತಿತ್ತು, ಮೂಗು ಸುಮ್ಮನಿರುತ್ತಿತ್ತು. ಮೂಗು ಸುಮ್ಮನಿದ್ದರೆ ಬಟ್ಟೆ ಶುದ್ಧ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಇಂಥ ಸುಳ್ಳನ್ನು ಮನುಷ್ಯ ತನಗಲ್ಲದೆ ಬೇರೆಯವರಿಗೆ ಹೇಳಿದರೆ ಯಾರೂ ನಂಬುವುದಿಲ್ಲ.

ಈ ಶ್ರಾವಣದಲ್ಲಿ ಬಸ್ತಿಹಳ್ಳಿಯ ಚನ್ನೇಶ್ ಒಂದು ದೋಣಿ ತಂದ. ಬಸ್ತಿಹಳ್ಳಿಯಿಂದಾಚೆಗಿನ ಕೆರೆಯಲ್ಲಿ ಅವನು ದೋಣಿ ನಡೆಸುತ್ತಿದ್ದ. ಹಳೇಬೀಡಿನ ದೇವಸ್ಥಾನ, ಬಸದಿ ನೋಡಲು ಬಂದವರು ಆ ಕಡೆಗೂ ಹೋಗಿ ನೀರಿನ ಮೇಲೆ ಒಂದು ಸುತ್ತು ಹಾಕಿ ಬರುತ್ತಿದ್ದರು. ಹತ್ತು ಜನ ಕೂರುವ ಫೈಬರ್ ದೋಣಿ. ನೀರೊಳಗಿನ ಮರದ ಬೊಡ್ಡೆಗೆ ತಗುಲಿ ತಳದಲ್ಲಿ ಮೊಳದುದ್ದ ಸೀಳಿತ್ತು.

ಕರಿಬಸವಯ್ಯ ಸೀಳನ್ನು ಉಜ್ಜಿ ಅಗಲ ಮಾಡಿ ರೆಸಿನ್ ತುಂಬಿಸಿದ. ಎರಡು ದಿನ ಸೋನೆ ಮಳೆ ಹಿಡಿಯಿತು. ತೇವದ ಹವೆಯಲ್ಲಿ ಗಟ್ಟಿಯಾದ ರೆಸಿನ್ನಿನ ಮೇಲೆ ಸಾಬೂನಿನ ಜಿಡ್ಡಿನಂಥ ತೆಳು ಪೊರೆ ಬಂದು ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಜಾರುತ್ತದೆ. ಗೊತ್ತಿಲ್ಲದವರು ಅದರ ಮೇಲೇ ಉಪ್ಪುಕಾಗದ ಹಾಕಿ ಉಜ್ಜುತ್ತಾರೆ. ಆ ಜಿಡ್ಡು ಗೀರುಗಳ ಒಳಗೆ ಸೇರಿ ಕೂತುಬಿಡುತ್ತದೆ, ಮೇಲೆ ಏನು ಹಾಕಿದರೂ ಹಿಡಿಯುವುದಿಲ್ಲ. ಕರಿಬಸವಯ್ಯ ಅಂಥವನಲ್ಲ. ಮೊದಲು ನೀರು ಹಾಕಿ ಗಸಗಸ ತಿಕ್ಕಿ ತೊಳೆದ. ಮತ್ತೆ ಶುದ್ಧ ನೀರು ಸುರಿದು ಕಣ್ಣು ನೆಟ್ಟು ನೋಡಿದ. ಜಿಡ್ಡಿದ್ದ ಕಡೆ ನೀರು ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಒಡೆಯುತ್ತದೆ. ಇಲ್ಲಿ ಒಡೆಯದೆ ಒಂದೇ ಹಾಳೆಯಾಗಿ ಹರಡಿ ನಿಂತಿತು. ಒಣಗಿಸಿ, ಒಂದೂ ಮಿರುಗು ಉಳಿಯದಂತೆ ಉಪ್ಪುಕಾಗದದಲ್ಲಿ ಉಜ್ಜಿ, ಇಡೀ ತಳವನ್ನು ಸುಣ್ಣದ ಗೋಡೆಯಂತೆ ಮಂಕು ಮಾಡಿದ. ಅಷ್ಟಕ್ಕೇ ಬಿಟ್ಟು ಧೂಳು ಝಾಡಿಸಿ ಹೊಸ ಪದರ ಹಾಕಿದ್ದರೆ ದೋಣಿ ಇನ್ನೂ ಇಪ್ಪತ್ತು ವರ್ಷ ತೇಲುತ್ತಿತ್ತು.

ಆದರೆ ಅವನಿಗೆ ಕೊನೆಗೊಮ್ಮೆ ಥಿನ್ನರ್ ಹಾಕಿ ಒರೆಸದಿದ್ದರೆ ಸಮಾಧಾನವಿಲ್ಲ. ಶೆಡ್ಡಿನಲ್ಲಿ ಬಟ್ಟೆ ಮುಗಿದಿತ್ತು. ಮನೆಗೆ ಹೋದ. ಸುಮಿತ್ರಮ್ಮ ಹಿತ್ತಲಲ್ಲಿದ್ದಳು. ಕೋಣೆಯ ಟ್ರಂಕಿನ ಮೇಲೆ ಮಡಿಸಿಟ್ಟ ಹಳೇ ಬಿಳಿ ಹತ್ತಿಯ ದಿಂಬಿನ ಚೀಲ ಕಂಡಿತು. ಒಗೆದು ಒಗೆದು ಮಲ್ಲಿನಂತೆ ಮೆತ್ತಗಾಗಿತ್ತು, ಇದಕ್ಕಿಂತ ಒಳ್ಳೇ ಒರೆಸುವ ಬಟ್ಟೆ ಸಿಕ್ಕುವುದಿಲ್ಲ. ಮೂಗಿಗೆ ಹಿಡಿದ, ಏನೂ ಇರಲಿಲ್ಲ. ಹರಿದು, ಥಿನ್ನರಿನಲ್ಲಿ ಅದ್ದಿ, ತಳವನ್ನೆಲ್ಲ ಎರಡು ಸಲ ಒರೆಸಿದ. ಅದರ ಮೇಲೆ ಎರಡು ಪದರ ಗಾಜಿನ ನಾರಿನ ಬಟ್ಟೆ, ರೆಸಿನ್, ಕೊನೆಗೆ ನೀಲಿ ಬಣ್ಣ. ದೋಣಿ ಹೊಸದರಂತೆ ಆಯಿತು. ಚನ್ನೇಶ್ ಟೆಂಪೋದಲ್ಲಿ ಹೇರಿಕೊಂಡು ಹೋದ.

ಹತ್ತು ದಿನ ಕಳೆದು ಒಂದು ಭಾನುವಾರ ಬೆಳಿಗ್ಗೆ, ಕರಿಬಸವಯ್ಯ ತಿಂಡಿ ತಿನ್ನುತ್ತಿದ್ದಾಗ ಸುಮಿತ್ರಮ್ಮ ಟ್ರಂಕಿನ ಮುಂದೆ ಕೂತು ಏನನ್ನೋ ಹುಡುಕುತ್ತಿದ್ದಳು.

"ಅಲ್ಲಾ ಕಣ್ರೀ, ಅತ್ತೆ ದಿಂಬಿನ ಚೀಲ ಎರಡಿತ್ತು. ಒಂದು ಇಲ್ಲೈತೆ. ಇನ್ನೊಂದು ನೋಡಿದ್ರಾ?"

"ಯಾವ್ದು, ಬಿಳೀದಾ? ಒರ್ಸಕ್ಕೆ ತಗೊಂಡೋದೆ. ಹಳೇದು ಅಂತ..."

ಸುಮಿತ್ರಮ್ಮನ ಕೈ ನಿಂತಿತು. "ಅದನ್ನ ಯಾಕ್ರೀ ತಗೊಂಡ್ರಿ? ಮೂರು ಸಲ ಸೋಡಾ ಹಾಕಿ ಬೇಯ್ಸಿದ್ರೂ ಎಣ್ಣೆ ಬಿಟ್ಟಿರ್ಲಿಲ್ಲ. ಎಂಬತ್ತು ವರ್ಷ ಎಣ್ಣೆ ಕುಡ್ದ ತಲೆ ಅದು. ಮೂಗಿಗೆ ಹಿಡ್ಕೊಂಡ್ರೆ ಅತ್ತೆ ಪಕ್ಕದಲ್ಲೇ ಕೂತವ್ರೆ ಅನ್ಸೋದು. ಅದ್ಕೇ ಎತ್ತಿಟ್ಟಿದ್ದೆ. ನೋಡಿ ಬೇಕಾದ್ರೆ" ಎಂದು ಉಳಿದ ಇನ್ನೊಂದು ಚೀಲವನ್ನು ಅವನ ಮುಖಕ್ಕೆ ಹಿಡಿದಳು.

ಕರಿಬಸವಯ್ಯ ಕೈಯ ತುತ್ತನ್ನು ತಟ್ಟೆಗೆ ಬಿಟ್ಟ. ಉಸಿರನ್ನು ಆಳಕ್ಕೆ ಎಳೆದುಕೊಂಡ. ಹೆತ್ತ ತಾಯಿಯ ತಲೆಯ ವಾಸನೆ. ಅವನಿಗೆ ಬಂದದ್ದು ಬರೀ ಗಾಳಿ.

"ಹೂಂ" ಎಂದ.

ಸುಮಿತ್ರಮ್ಮ ಅವನ ಮುಖವನ್ನೇ ನೋಡಿದಳು. ಇಷ್ಟೊಂದು ವಾಸನೆ ಬಡಿದ ಮುಖ ಹಾಗೆ ಇರುವುದಿಲ್ಲ ಎಂದು ಅವಳಿಗೆ ಅನ್ನಿಸಿರಬೇಕು. ಮೆಲ್ಲಗೆ ಚೀಲ ಮಡಿಸತೊಡಗಿದಳು.

ತಟ್ಟೆಯಲ್ಲಿ ಉಪ್ಪಿಟ್ಟು ಹಾಗೇ ಆರಿತು. ಕರಿಬಸವಯ್ಯನಿಗೆ ಈಗ ಎಲ್ಲವೂ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಸೋಡಾ ಬಿಡಿಸಲಾರದ ಎಣ್ಣೆಯನ್ನು ಥಿನ್ನರ್ ಬಿಡಿಸುತ್ತದೆ. ಬಿಡಿಸಿ, ಅವನ ಕೈಯಿಂದಲೇ, ಅವನು ಅಷ್ಟು ಶ್ರದ್ಧೆಯಿಂದ ಮಂಕು ಮಾಡಿದ ತಳದ ಮೇಲೆಲ್ಲ ಹದವಾಗಿ ಸವರಿದೆ. ಹಾಗಾದರೆ ಮೇಲಿನ ಎರಡು ಪದರ ದೋಣಿಗೆ ಅಂಟಿಯೇ ಇಲ್ಲ, ಮುಚ್ಚಳದಂತೆ ಕೂತಿದೆ ಅಷ್ಟೆ. ಮೊದಲ ದಿನ ಏನೂ ಆಗುವುದಿಲ್ಲ. ಹತ್ತು ಜನ ಕೂತು ಎದ್ದು ಮಾಡಿದಾಗಲೆಲ್ಲ ತಳ ಒಂದು ನೂಲಿನಷ್ಟು ಬಾಗುತ್ತದೆ. ಒಂದು ದಿನ ಅಂಚಿನಲ್ಲಿ ನೀರು ನುಗ್ಗುತ್ತದೆ. ಆಮೇಲೆ ಒಂದು ಸಲ, ಕೆರೆಯ ನಡುವೆ, ಪದರ ಪೂರಾ ಎದ್ದು ಸೀಳು ಬಾಯಿ ಬಿಡುತ್ತದೆ.

ಹಿತ್ತಲಿಗೆ ಹೋಗಿ ಚನ್ನೇಶನಿಗೆ ಫೋನ್ ಮಾಡಿದ.

"ಹೇಳಿ ಯಜಮಾನ್ರೆ! ದೋಣಿ ಫಸ್ಟ್ ಕ್ಲಾಸು. ಇವತ್ತು ಬಿಡುವೇ ಇಲ್ಲ. ಮೂರು ಗಂಟೆಗೆ ನಿಮ್ಮ ಹಾರನಹಳ್ಳಿ ಕಡೆಯೋರೇ ಒಂಬತ್ತು ಜನ ಬತ್ತಾವ್ರೆ, ಮಗಿಗೆ ಮುಡಿ ಕೊಟ್ಟು ಇತ್ಲಾಗೆ ಬತ್ತೀವಿ ಅಂದವ್ರೆ. ಏನ್ ವಿಷ್ಯ?"

ಹೇಳಬೇಕಾದದ್ದು ನಾಲ್ಕೇ ಮಾತು. "ಏನಿಲ್ಲ ಕಣಪ್ಪಾ... ದೋಣಿ ಹೆಂಗೈತೆ ಅಂತ ಕೇಳಣ ಅಂತ" ಎಂದ. ಚನ್ನೇಶ್ ನಕ್ಕು ಫೋನ್ ಇಟ್ಟ. ಕರಿಬಸವಯ್ಯನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಒಳಗೆ ಬಂದು ಉಳಿದ ದಿಂಬಿನ ಚೀಲವನ್ನು ಎತ್ತಿ ಬ್ಯಾಗಿಗೆ ತುರುಕಿದ, ಶೆಡ್ಡಿಗೆ ಹೋಗಿ ಒಂದು ತೆಳು ಉಳಿ ತೆಗೆದುಕೊಂಡ. "ಎಲ್ಲಿಗ್ರೀ?" ಎಂಬ ಹೆಂಡತಿಯ ಮಾತಿಗೆ "ಹಳೇಬೀಡಿಗೆ, ಬೇಗ ಬತ್ತೀನಿ" ಎಂದು ಹೊರಟ.

ಭಾನುವಾರದ ಬಸ್ಸು ಕೇಳಬೇಕೇ? ಬಾಣಾವರದಲ್ಲಿ ಅರ್ಧ ಗಂಟೆ ನಿಂತಿತು. ಡ್ರೈವರ್ ಎಳನೀರು ಕುಡಿದ, ಕಂಡಕ್ಟರ್ ಯಾರದೋ ಕೋಳಿಬುಟ್ಟಿಗೆ ಟಿಕೆಟ್ ಕೇಳಿ ಜಗಳ ಆಡಿದ. ಜಾವಗಲ್ ಹತ್ತಿರ ಬಂದಾಗ ಕರಿಬಸವಯ್ಯ ಮತ್ತೆ ಫೋನ್ ಮಾಡಿದ, ಈ ಸಲ ಹೇಳಿಯೇ ಬಿಡುತ್ತೇನೆಂದು. ರಿಂಗಾಯಿತು, ಎತ್ತಲಿಲ್ಲ. ಮೂರು ಸಲ ಮಾಡಿದ. ಮೋಡ ಕವಿದು ರಾಗಿ ಹೊಲಗಳೆಲ್ಲ ಕಪ್ಪಾಗಿದ್ದವು. ಪಕ್ಕದ ಸೀಟಿನ ಹೆಂಗಸು ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಆ ಮಗುವನ್ನು ನೋಡಲಾರದೆ ಅವನು ಇಡೀ ದಾರಿ ಕಿಟಕಿಗೆ ಮುಖ ಹಾಕಿ ಕೂತಿದ್ದ.

ಹಳೇಬೀಡಿನಲ್ಲಿ ಇಳಿದು ಆಟೋ ಹಿಡಿದು ಕೆರೆ ಏರಿ ಹತ್ತುವ ಹೊತ್ತಿಗೆ ಎರಡೂವರೆ ದಾಟಿತ್ತು. ದಡದಲ್ಲಿ ದೋಣಿಯೂ ಇರಲಿಲ್ಲ, ಚನ್ನೇಶನೂ ಇರಲಿಲ್ಲ. ಕೆರೆಯ ನಡುವೆ ಒಂದು ನೀಲಿ ಚುಕ್ಕೆ, ಅದರ ತುಂಬ ಜನ. ಹುಟ್ಟು ಹಾಕುತ್ತಿದ್ದವನು ಚಿಕ್ಕಣ್ಣ, ಚನ್ನೇಶನ ಬಳಿ ಇರುವ ಅಂಬಿಗ. ಕರಿಬಸವಯ್ಯ ಹೆಗಲ ಟವೆಲ್ಲನ್ನು ಎತ್ತಿ ಬೀಸಿದ. "ಬನ್ರೋ! ವಾಪಸ್ ಬನ್ರೋ!" ಎಂದು ಕೂಗಿದ. ಎದುರು ಗಾಳಿ ಮಾತನ್ನು ಅವನ ಬಾಯಿಗೇ ತಿರುಗಿ ತುರುಕಿತು. ದೋಣಿಯಲ್ಲಿದ್ದವರಿಗೆ ಟವೆಲ್ ಕಾಣಿಸಿತು. ಅವರು ಖುಷಿಯಿಂದ ಎದ್ದು ನಿಂತು, ದೋಣಿಯನ್ನು ಅಲ್ಲಾಡಿಸುತ್ತ, ಇವನಿಗೆ ಕೈ ಬೀಸಿದರು.

ಅವನು ಟವೆಲ್ ಇಳಿಸಿ ಅಲ್ಲೇ ಕುಸಿದು ಕೂತ. ಬೀಸಿದಷ್ಟೂ ಅವರು ಏಳುತ್ತಾರೆ, ಎದ್ದಷ್ಟೂ ತಳ ಬಾಗುತ್ತದೆ. ಕೂಗುವಂತಿಲ್ಲ, ಕರೆಯುವಂತಿಲ್ಲ. ದೋಣಿ ಒಂದು ಸುತ್ತು ಪೂರ್ತಿ ಹಾಕಿ, ತೂಬಿನ ಕಡೆ ತಿರುಗಿ, ಮೆಲ್ಲಗೆ ದಡದತ್ತ ಬರುವವರೆಗೆ ಕರಿಬಸವಯ್ಯ ಶಿವ ಶಿವ ಎಂದುಕೊಂಡು ಎದೆಯ ಲಿಂಗವನ್ನು ಅಂಗಿಯ ಮೇಲಿಂದಲೇ ಗಟ್ಟಿಯಾಗಿ ಹಿಡಿದು ಕೂತಿದ್ದ. ತನ್ನ ಅರವತ್ತು ವರ್ಷದಲ್ಲಿ ಇಷ್ಟು ಉದ್ದದ ಕಾಲು ಗಂಟೆಯನ್ನು ಅವನು ಕಂಡಿರಲಿಲ್ಲ.

ಜನ ಇಳಿದರು. ಇವನು ಓಡಿಹೋಗಿ ದೋಣಿಯೊಳಗೆ ಬಗ್ಗಿ ನೋಡಿದ. ಹಲಗೆಯ ಕೆಳಗಿನ ತಗ್ಗಿನಲ್ಲಿ ನಾಲ್ಕು ಬೆರಳು ನೀರು. ಚಿಕ್ಕಣ್ಣ ಮುಖ ತಿರುಗಿಸಿ, "ಹುಟ್ಟಿಂದ ಸಿಡಿದ ನೀರು ಬುಡಿ" ಎಂದ.

ಅಷ್ಟರಲ್ಲಿ ಹಾರನಹಳ್ಳಿಯವರ ಟೆಂಪೋ ಬಂದು ನಿಂತಿತ್ತು. ತಲೆ ಬೋಳಿಸಿ ಗಂಧ ಬಳಿದಿದ್ದ ಒಂದು ಕೂಸು, ಅದರ ಅಮ್ಮ, ಅಜ್ಜಿ, ಮಾವಂದಿರು. ಆಗಲೇ ಇಬ್ಬರು ದೋಣಿಗೆ ಕಾಲಿಟ್ಟಾಗಿತ್ತು. ಚನ್ನೇಶ್ ಟಿಕೆಟ್ ಪುಸ್ತಕ ಹಿಡಿದು ನಗುತ್ತ ಬಂದ. "ಏನ್ ಯಜಮಾನ್ರೆ, ನಿಮ್ಮ ದೋಣಿ ನೋಡಕ್ಕೆ ಅಲ್ಲಿಂದ ಬಂದ್ರಾ?"

"ಚನ್ನೇಶಪ್ಪಾ, ಇವ್ರನ್ನ ಹತ್ತಿಸ್ಬೇಡ. ದೋಣಿನ ಒಂದ್ಸಲ ಮಗುಚಿ ನೋಡ್ಬೇಕು."

"ನಾಳೆ ನೋಡಣ ಬುಡಿ. ಜನ ಕಾಯ್ತಾವ್ರೆ."

"ನಾಳೆ ಅಲ್ಲ, ಈಗ್ಲೇ."

"ಯಾಕೆ? ಹತ್ತು ದಿನದಿಂದ ಓಡ್ತೈತೆ, ಏನಾಗೈತೆ ಅದ್ಕೆ?" ಚನ್ನೇಶನ ದನಿ ಬಿಗಿಯಾಯಿತು. "ಜನದ ಮುಂದೆ ಹಿಂಗೆಲ್ಲ ಮಾತಾಡ್ಬೇಡಿ ಯಜಮಾನ್ರೆ. ಹತ್ತಿ ಕಣಮ್ಮಾ, ಹತ್ತಿ."

ಅಜ್ಜಿ ಸೀರೆ ಎತ್ತಿ ಹಿಡಿದು ದೋಣಿಗೆ ಕಾಲು ಹಾಕಿದಳು. ಕೂಸನ್ನು ಕೈಯಿಂದ ಕೈಗೆ ದಾಟಿಸಲು ಎತ್ತಿದರು. ಕರಿಬಸವಯ್ಯ ಬ್ಯಾಗಿನಿಂದ ದಿಂಬಿನ ಚೀಲ ಎಳೆದು ಚನ್ನೇಶನ ಮೂಗಿಗೆ ಒತ್ತಿದ.

"ಮೂಸು. ಏನ್ ವಾಸ್ನೆ ಬತ್ತೈತೆ ಹೇಳು."

"ಥೂ, ಏನ್ರೀ ಇದು! ಹಳೇ ಕೊಬ್ರಿ ಎಣ್ಣೆ. ಕಮಟು."

"ನಂಗೆ ಏನೂ ಬತ್ತಿಲ್ಲ" ಎಂದ ಕರಿಬಸವಯ್ಯ. ಅವನ ದನಿ ದಡದಲ್ಲಿದ್ದವರಿಗೆಲ್ಲ ಕೇಳಿಸುವಷ್ಟು ಜೋರಾಗಿತ್ತು. "ನಾಲ್ಕು ವರ್ಷ ಆಯ್ತು ಕಣಪ್ಪಾ, ನಂಗೆ ಯಾವ ವಾಸ್ನೆನೂ ಬರಲ್ಲ. ಇದ್ರ ಜೋಡಿ ಚೀಲದಲ್ಲೇ ನಿನ್ ದೋಣಿ ತಳ ಒರ್ಸಿ ಅದ್ರ ಮೇಲೆ ಪದರ ಹಾಕಿದೀನಿ. ಎಣ್ಣೆ ಮೇಲೆ ರೆಸಿನ್ ಹಿಡಿಯಲ್ಲ. ಈ ದೋಣಿ ತೂತು ಹಂಗೇ ಐತೆ. ಕೂಸನ್ನ ಇಳಿಸ್ರಪ್ಪ, ನಿಮ್ ದಮ್ಮಯ್ಯ."

ಕೂಸಿನ ಅಮ್ಮ ಸರಕ್ಕನೆ ಮಗುವನ್ನು ಕಿತ್ತುಕೊಂಡಳು. ಅಜ್ಜಿ ದೋಣಿಯಿಂದ ಇಳಿಯುವ ಭರದಲ್ಲಿ ಮೊಣಕಾಲುದ್ದ ನೀರಿಗೇ ಇಳಿದಳು. ಚಿಕ್ಕಣ್ಣ ಚನ್ನೇಶನ ಕಡೆ ತಿರುಗಿದ. "ಅಣ್ಣಾ, ನಾಕು ದಿನದಿಂದ ನೀರು ಎತ್ತಿ ಹಾಕ್ತಾ ಇವ್ನಿ. ಮೊದಲ್ ದಿನ ಒಂದು ಚೊಂಬು ಇತ್ತು, ಇವತ್ತು ಅರ್ಧ ಬಿಂದಿಗೆ. ಹೇಳಿದ್ರೆ ಬೈತೀಯ ಅಂತ..."

ದೋಣಿಯನ್ನು ದಡಕ್ಕೆ ಎಳೆದು ಮಗುಚಿದರು. ನೀಲಿ ತಳ ಥಳಥಳ ಹೊಳೆಯುತ್ತಿತ್ತು, ನೋಡಿದವರು ಕಣ್ಣಿಗೊತ್ತಿಕೊಳ್ಳಬೇಕು, ಹಾಗಿತ್ತು. ಕರಿಬಸವಯ್ಯ ಬೆರಳ ಗಿಣ್ಣಿನಿಂದ ಕುಟ್ಟುತ್ತ ಹೋದ. ಅಂಚಿನಲ್ಲಿ ಟಕ್ ಟಕ್ ಎಂದಿತು. ಸೀಳಿನ ಹತ್ತಿರ ಬಂದಾಗ ಡಬ್ ಎಂದಿತು, ಕೆಟ್ಟ ತೆಂಗಿನಕಾಯಿ ಬಡಿದ ಹಾಗೆ. ಉಳಿಯ ತುದಿಯನ್ನು ಅಂಚಿನಲ್ಲಿ ತೂರಿಸಿ ಸ್ವಲ್ಪ ಮೀಟಿದ. ಎರಡು ಪದರ ಬಟ್ಟೆ, ರೆಸಿನ್, ಬಣ್ಣ, ಎಲ್ಲ ಸೇರಿ ಒಂದೇ ಹಾಳೆಯಾಗಿ, ಯಾವ ತಕರಾರೂ ಇಲ್ಲದೆ ಎದ್ದು ಬಂತು. ಬಾಳೆಎಲೆಯಷ್ಟು ಅಗಲ. ಅದರ ಕೆಳಗಿನಿಂದ ಅರ್ಧ ಚೊಂಬು ಕೆರೆಯ ನೀರು ಸುರಿದು ಅವನ ಪಾದ ತೊಯ್ಯಿಸಿತು. ತುಂಬಿಸಿದ್ದ ಸೀಳು ಉದ್ದಕ್ಕೂ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು.

ಹಾರನಹಳ್ಳಿಯ ಅಜ್ಜಿ ಒದ್ದೆ ಸೀರೆಯಲ್ಲೇ ಹತ್ತಿರ ಬಂದು, ಆ ಹಾಳೆಯನ್ನೂ ಕರಿಬಸವಯ್ಯನನ್ನೂ ನೋಡಿ, ಕೈ ಮುಗಿಯಬೇಕೋ ಶಾಪ ಹಾಕಬೇಕೋ ತಿಳಿಯದೆ ಟೆಂಪೋ ಹತ್ತಿದಳು.

ಚನ್ನೇಶ್ ಬೈಯುತ್ತಾನೆಂದು ಕರಿಬಸವಯ್ಯ ಕಾದಿದ್ದ. ಕಪಾಳಕ್ಕೆ ಹೊಡೆದರೂ ತಾಳಿಕೊಳ್ಳಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಚನ್ನೇಶ್ ಬೈಯಲಿಲ್ಲ. ಹಾಳೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತ, ಸಣ್ಣ ದನಿಯಲ್ಲಿ ಕೇಳಿದ. "ನಾಲ್ಕು ವರ್ಷ ಅಂದ್ರಲ್ಲ ಯಜಮಾನ್ರೆ. ಈ ನಾಲ್ಕು ವರ್ಷದಲ್ಲಿ ಇನ್ನೂ ಏನೇನ್ ಮಾಡಿದೀರಿ?"

ಬರುವಾಗ ಅವನ ತಲೆಯಲ್ಲಿ ಒಂದು ದೋಣಿ ಇತ್ತು. ಹೋಗುವಾಗ ಬಸ್ಸಿನಲ್ಲಿ ಕೂತವನಿಗೆ ತಾನು ಮುಟ್ಟಿದ್ದೆಲ್ಲ ಒಂದೊಂದಾಗಿ ಎದ್ದು ಬಂದು ಎದುರು ನಿಂತಿತು. ಮಾಲೇಕಲ್ಲಿನ ದೇವಸ್ಥಾನದ ದಾರಿಯಲ್ಲಿ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿದ ನೀರಿನ ತೊಟ್ಟಿ, ಅದರ ಕೆಳಗೆ ಹಣ್ಣುಕಾಯಿ ಮಾರುವವರು ಕೂರುತ್ತಾರೆ. ಪಕ್ಕದ ಬೀದಿಯ ಶಶಿಧರನ ಮನೆಯ ಫೈಬರ್ ಮಾಡು. ಬಿರುಕು ಬಿಟ್ಟದ್ದನ್ನು ಹಳೆಯದರ ಮೇಲೆ ಹೊಸ ಪದರ ಹಾಕಿ ಸರಿ ಮಾಡಿದ್ದು ಎಷ್ಟೋ. ಪ್ರತಿಯೊಂದನ್ನೂ ಅವನು ತೊಳೆದಿದ್ದ, ಉಜ್ಜಿದ್ದ, ಕೊನೆಗೆ ಮನೆಯ ಹಳೇ ಬಟ್ಟೆಯಲ್ಲಿ ಒರೆಸಿದ್ದ. ಜ್ವರಕ್ಕೆ ಮುಂಚೆ ಹತ್ತರಲ್ಲಿ ಎಂಟನ್ನು ಎಸೆಯುತ್ತಿದ್ದವನು ಆಮೇಲೆ ಒಂದನ್ನಾದರೂ ಎಸೆದದ್ದುಂಟೇ? ನೆನಪು ಮಾಡಿಕೊಂಡ. ಒಂದನ್ನೂ ಎಸೆದಿರಲಿಲ್ಲ.

ಮನೆಗೆ ಬಂದು ಸುಮಿತ್ರಮ್ಮನಿಗೆ ಎಲ್ಲವನ್ನೂ ಹೇಳಿದ. ಅವಳು ಮೊದಲು ಅತ್ತಳು. ಆಮೇಲೆ ಸಿಟ್ಟಾದಳು. "ನಾಲ್ಕು ವರ್ಷ ನನ್ ಸಾರು ಘಮ್ ಅಂತೈತೆ ಅಂತ ಸುಳ್ಳೇ ಹೇಳಿದ್ರಾ? ನಂಗಾದ್ರೂ ಹೇಳ್ಬಾರ್ದಿತ್ತಾ? ಬಟ್ಟೆ ಮೂಸಿ ಕೊಡಕ್ಕೆ ನನ್ ಮೂಗಿಗೇನಾಗಿತ್ತು?"

ಸೋಮವಾರ ಬೆಳಿಗ್ಗೆ ಅವನು ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಉಳಿಯನ್ನು ಜೇಬಿಗೆ ಹಾಕಿಕೊಂಡು ಮೊದಲು ಹತ್ತಿರದ ಅಂಗನವಾಡಿಗೆ ಹೋದ. ಹಿಂದಿನ ಬೇಸಿಗೆಯಲ್ಲಿ ಅಲ್ಲಿಯ ಜಾರುಬಂಡೆಯ ಬಿರುಕಿಗೆ ಹೊಸ ಪದರ ಹಾಕಿ ಕೆಂಪು ಬಣ್ಣ ಬಳಿದಿದ್ದ. ದೂರದಿಂದಲೇ ಮಕ್ಕಳ ಗಲಾಟೆ ಕೇಳುತ್ತಿತ್ತು. ಅಂಗನವಾಡಿಯ ಟೀಚರ್ ಶಿಲ್ಪಾ ಬಾಗಿಲಲ್ಲೇ ನಕ್ಕು, "ಬನ್ನಿ ಅಂಕಲ್, ಏನ್ ಇಷ್ಟೊತ್ತಿಗೇ?" ಎಂದಳು.

"ಒಂಚೂರು ನೋಡಿ ಹೋಗ್ತೀನಿ ತಾಯಿ."

ಜಾರುಬಂಡೆಯ ಬುಡದಲ್ಲಿ ಮಂಡಿ ಊರಿ ಕೂತು ಗಿಣ್ಣಿನಿಂದ ಕುಟ್ಟಿದ. ಟಕ್. ಒಂದು ಗೇಣು ಮೇಲೆ ಕುಟ್ಟಿದ. ಟಕ್. ಅವನಿಗೆ ಉಸಿರು ಬಂತು. ಮೇಲೆ ನಾಲ್ಕು ವರ್ಷದ ಒಂದು ಹುಡುಗಿ ಎರಡೂ ಕೈಯಲ್ಲಿ ಅಂಚು ಹಿಡಿದು ಕೂತು, "ಜರುಗು ತಾತಾ, ನಾನು ಜಾರ್ಬೇಕು" ಎಂದು ಅವಸರ ಮಾಡುತ್ತಿದ್ದಳು. ಅವಳ ಬೆನ್ನಿಗೆ ಇನ್ನೂ ನಾಲ್ಕೈದು ಮಕ್ಕಳು ಮೆಟ್ಟಿಲ ಮೇಲೆ ನೂಕಾಡುತ್ತಿದ್ದರು. ಕರಿಬಸವಯ್ಯ ಕೈ ಚಾಚಿ ನಡುಭಾಗಕ್ಕೆ ಕುಟ್ಟಿದ. ಡಬ್. ಕಿವಿ ಕೊಟ್ಟು ಇನ್ನೊಮ್ಮೆ ಕುಟ್ಟಿದ. ಆಮೇಲೆ ಕುಟ್ಟುವುದನ್ನು ನಿಲ್ಲಿಸಿ, ಎರಡೂ ತೋಳುಗಳನ್ನು ಜಾರುಬಂಡೆಗೆ ಅಡ್ಡವಾಗಿ ಚಾಚಿ, ಹುಡುಗಿಯ ಕಣ್ಣಿನಿಂದ ಕಣ್ಣು ಕೀಳದೆ ಶಿಲ್ಪಾಳನ್ನು ಕೂಗಿ ಕರೆದ.